ಡಿಎಸ್‌ಎಲ್‌ಆರ್ ಭೇದಾಭೇದ ಮೀಮಾಂಸೆ

ಡಿಎಸ್‌ಎಲ್‌ಆರ್ ಕೊಳ್ಳಹೊರಟವರಲ್ಲಿ ಪ್ರಾಚೀನ ಕಾಲದಿಂದಲೂ, ಅಂದರೆ 2003ರಿಂದಲೂ, ಎರಡು ದರ್ಶನಗಳು ರೂಢಿಯಲ್ಲಿವೆ. ಆ ವರ್ಷ ಕ್ಯಾನನ್ ಮನೆತನವು 300ಡಿ ಎಂಬ 6.3 ಮೆಗಾಪಿಕ್ಸೆಲ್ಲಿನ ಕ್ಯಾಮೆರಾವನ್ನು ಅಮೆರಿಕದಲ್ಲಿ ಸಾವಿರ ಡಾಲರಿಗಿಂತ ಕಡಿಮೆಗೆ ಮಾರಿ, ಅದುವರೆಗೆ ವೃತ್ತಿನಿರತರ ಕೊರಳಲ್ಲೇ ತೂಗುತ್ತಿದ್ದ ಯಂತ್ರವನ್ನು ಸಂಬಳದಾರರ ಕೈಗೂ ಎಟುಕಿಸಿತು. ಅಲ್ಲಿಂದೀಚೆಗೆ ಅಗ್ಗದ ‘ಎಂಟ್ರಿ ಲೆವೆಲ್’ ಸಾಕೆನ್ನುವ ಆರಂಭವಾದಿಗಳೂ, ‘ಮಿಡ್ ರೇಂಜ್’ ಆಗದ ಹೊರತು ಮುಟ್ಟೆವೆನ್ನುವ ಮಾಧ್ಯಮಿಕರೂ ವಾದಿಸುತ್ತ ಬಂದಿದ್ದಾರೆ. (ಈ ಮಾಧ್ಯಮಿಕರಿಗೂ ನಾಗಾರ್ಜುನನ ಶಿಷ್ಯರಿಗೂ ಸಂಬಂಧವಿಲ್ಲ. ಶೂನ್ಯ ಇವರಿಗೆ ಸಾಕ್ಷಾತ್ಕಾರವಾಗುವುದು ತಿಂಗಳ ಕೊನೆಯಲ್ಲಿ, ಬ್ಯಾಂಕ್ ಖಾತೆಯಲ್ಲಿ.) ಪ್ರಸ್ತುತ ಪ್ರಬಂಧವು ಉಭಯರ ವಾದಗಳನ್ನು ನಿಕಾನ್ ಶಾಖೆಯ ಡಿ3300 (2014) ಮತ್ತು ಡಿ7200 (2015) ಎಂಬೆರಡು ಮೂಲಗ್ರಂಥಗಳ ಆಧಾರದಿಂದ ಪರಿಶೀಲಿಸುತ್ತದೆ. ಎರಡನೆಯದರ ಬೆಲೆ ಮೊದಲನೆಯದರ ದುಪ್ಪಟ್ಟಿನ ಆಸುಪಾಸು ಎಂಬುದೊಂದೇ ಉಭಯಸಮ್ಮತ.

ಮೊದಲಿಗೆ ಸಂಖ್ಯಾಶಾಸ್ತ್ರ. ಹೊಸಬರು ಎಡವುವುದು ಇಲ್ಲಿಯೇ. ಲೋಕದಲ್ಲಿ ಅಂಕಿ ಹೆಚ್ಚಿದಂತೆ ಮರ್ಯಾದೆ ಹೆಚ್ಚುತ್ತದೆ. ಕ್ಯಾಮೆರಾ ಲೋಕದಲ್ಲಿ ಎಲ್ಲ ತಿರುಗಾಮುರುಗಾ. ಕ್ಯಾನನ್ ಮನೆಯಲ್ಲಿ 1300ಡಿ, 1500ಡಿ ಎಂದು ನಾಲ್ಕಂಕಿ ಹೊತ್ತವರು ಜಗಲಿಯಲ್ಲೇ ಕೂರಬೇಕು. 700ಡಿಯಂಥ ಮೂರಂಕಿಯವರು ಪಡಸಾಲೆಗೆ ಬರಬಹುದು. 70ಡಿ, 80ಡಿಗಳಿಗೆ ನಡುಮನೆ. 5ಡಿ, 1ಡಿಗಳಿಗೆ ನೇರ ದೇವರಮನೆ. ನಿಕಾನಿನವರು ಮೂರು, ಐದು, ಏಳು ಸಾವಿರಗಳೆಂದು ಕ್ರಮವಾಗಿ ಏರುತ್ತ ಬಂದು, ಡಿ500ರ ಹತ್ತಿರ ದಿಢೀರನೆ ಒಂದು ಸೊನ್ನೆ ಕಳಚಿಟ್ಟು ಇನ್ನಷ್ಟು ದುಬಾರಿಯಾದರು. ಇದೂ ಸಾಲದೆಂಬಂತೆ, 2018ರಲ್ಲಿ ಬಂದ ಒಂದೇ ಕ್ಯಾನನ್ ಕ್ಯಾಮೆರಾಕ್ಕೆ ಯುರೋಪಿನಲ್ಲಿ 4000ಡಿ ಎಂದು ಹೆಸರು, ಭಾರತದಲ್ಲಿ 3000ಡಿ. ದಾರಿಯಲ್ಲಿ ಒಂದು ಸಾವಿರ ಎಲ್ಲಿ ಉದುರಿತೆಂಬುದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ.

ಆರಂಭವಾದಿಗಳ ಪ್ರಬಲ ಪ್ರಮಾಣ ಸೆನ್ಸರ್. ಎರಡು ಕ್ಯಾಮೆರಾಗಳಲ್ಲೂ 24.2 ಮೆಗಾಪಿಕ್ಸೆಲ್, ಎರಡರಲ್ಲೂ ಅಳತೆ 23.5 ಮಿ.ಮೀ.ಗೆ 15.6 ಮಿ.ಮೀ.; ಎರಡರಲ್ಲೂ ಲೋ-ಪಾಸ್ ಫಿಲ್ಟರ್ ತೆಗೆದುಹಾಕಲಾಗಿದೆ. ಬೆಳಕು ಬೀಳುವ ನೆಲ ಒಂದೇ ಆದಮೇಲೆ ಉಳಿದದ್ದೆಲ್ಲ ಬರಿಯ ನಾಮರೂಪ, ಮಾಯೆ ಎಂದು ಅವರು ಅದ್ವೈತಕ್ಕೆ ಜಾರಿಕೊಳ್ಳುತ್ತಾರೆ. ರಂಗನತಿಟ್ಟಿನ ಕೊಕ್ಕರೆಯೊಂದನ್ನು ಒಂದೇ ಲೆನ್ಸಿನಿಂದ, ಒಂದೇ ಅಪರ್ಚರಿನಲ್ಲಿ ಎರಡರಲ್ಲೂ ತೆಗೆದು ಪಕ್ಕಪಕ್ಕ ಇಟ್ಟರೆ ಯಾವುದು ಯಾವುದರದೆಂದು ಸ್ವತಃ ಕೊಕ್ಕರೆಯೂ ಹೇಳಲಾರದು.

ಮಾಧ್ಯಮಿಕರ ಆಕ್ಷೇಪ: ಕೂತ ಕೊಕ್ಕರೆಗೆ ಈ ಮಾತು ಸರಿ, ಹಾರಿದರೆ? ಡಿ3300ರಲ್ಲಿ ಫೋಕಸ್ ಬಿಂದುಗಳು 11, ಡಿ7200ರಲ್ಲಿ 51. ರೆಕ್ಕೆ ಬಿಚ್ಚಿದ ಹಕ್ಕಿ ಆ ಹನ್ನೊಂದರ ಸಂದಿಯಲ್ಲಿ ನುಸುಳಿಹೋಗಿ, ಹಿಂದಿದ್ದ ಬಿದಿರುಮೆಳೆ ಎಲೆಎಲೆಯೂ ಎಣಿಸುವಷ್ಟು ಸ್ಫುಟವಾಗಿ ಬರುತ್ತದೆ. ಬಿದಿರಿನ ಮೇಲೆ ಸಂಶೋಧನೆ ಕೈಗೊಂಡವರಿಗೆ ಆರಂಭಿಕ ಕ್ಯಾಮೆರಾವೇ ಶ್ರೇಷ್ಠವೆಂದು ಇಲ್ಲಿ ಒಪ್ಪಲೇಬೇಕಾಗುತ್ತದೆ.

ನನ್ನನ್ನು ಕೇಳಿದರೆ, ಇಬ್ಬರೂ ಜಗಳವಾಡಬೇಕಾದ ಜಾಗ ಕಣ್ಣಿಡುವ ಕಿಂಡಿ. ಡಿ7200ರ ವ್ಯೂಫೈಂಡರಿನ ಮೇಲೆ ಕೂತಿರುವುದು ಅಖಂಡ ಗಾಜಿನ ಪೆಂಟಾಪ್ರಿಸಂ. ಡಿ3300ರಲ್ಲಿ ಆ ಜಾಗಕ್ಕೆ ಕನ್ನಡಿಗಳನ್ನು ಜೋಡಿಸಿದ ಪೊಳ್ಳು ಗೂಡು, ಪೆಂಟಾಮಿರರ್: ಹಗುರ, ಅಗ್ಗ, ತುಸು ಮಬ್ಬು. ಇದಕ್ಕಿಂತ ಗಹನವಾದ ಸಂಗತಿ ಏನೆಂದರೆ, ದೊಡ್ಡದು ಚಿತ್ರದ ನೂರಕ್ಕೆ ನೂರನ್ನೂ ತೋರಿಸುತ್ತದೆ. ಚಿಕ್ಕದು ಅಡ್ಡಕ್ಕೆ 95, ಉದ್ದಕ್ಕೆ 95. ಗುಣಿಸಿ ನೋಡಿದರೆ ವಿಸ್ತೀರ್ಣದಲ್ಲಿ ತೊಂಬತ್ತೇ ಚಿಲ್ಲರೆ. ಹಾಗಾಗಿ ಜಗತ್ತಿನ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು ಛಾಯಾಗ್ರಾಹಕನ ಅರಿವಿಗೆ ಬಾರದೆಯೇ ಚಿತ್ರದಲ್ಲಿ ಸೇರಿಬಿಡುತ್ತದೆ. ಈ ಅವ್ಯಕ್ತ ಲೋಕದ ನಿವಾಸಿಗಳು ಯಾರು? ಯಾವುದಾದರೂ ಧಾರೆಯ ಫೋಟೋ ಪರಾಂಬರಿಸಿ. ವಧೂವರರು, ತೆಂಗಿನಕಾಯಿ, ಅದರ ಮೇಲೆ ಬೀಳುತ್ತಿರುವ ಹಾಲು ಎಲ್ಲ ನಡುವೆ ಲಕ್ಷಣವಾಗಿವೆ. ಎಡ ಅಂಚಿನಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಒಂದು ಕೈ, ಬಲ ಅಂಚಿನಲ್ಲಿ ವಿಡಿಯೋದವರ ಲೈಟ್ ಹಿಡಿದ ಹುಡುಗನ ಮೊಣಕೈ, ಮೇಲ್ತುದಿಯಲ್ಲಿ ಫ್ಯಾನಿನ ಅರ್ಧ ರೆಕ್ಕೆ. ಕ್ಲಿಕ್ಕಿಸಿದವನಿಗೆ ಇವ್ಯಾವುವೂ ಕಂಡಿರಲಿಲ್ಲ. ಆ ಮೊಣಕೈಗೆ ಪೆಂಟಾಪ್ರಿಸಂ ಕೊಳ್ಳದ ಲೋಭವೇ ಮೂಲವೆಂದು ಮಾಧ್ಯಮಿಕರು ಷರಾ ಬರೆದಿದ್ದಾರೆ. ಆರಂಭವಾದಿಗಳ ಸಮಾಧಾನ ಎರಡೇ ಅಕ್ಷರ: ಕ್ರಾಪ್.

ಬೆರಳುಗಳ ಪ್ರಕರಣವೂ ಸ್ವಾರಸ್ಯದ್ದೇ. ಡಿ7200ರಲ್ಲಿ ಹೆಬ್ಬೆರಳಿಗೊಂದು, ತೋರುಬೆರಳಿಗೊಂದು ಎಂದು ಎರಡು ಡಯಲ್. ಒಂದು ಶಟರ್ ವೇಗಕ್ಕೆ, ಇನ್ನೊಂದು ಅಪರ್ಚರಿಗೆ. ಡಿ3300ರಲ್ಲಿ ಇರುವುದೊಂದೇ. ಮ್ಯಾನ್ಯುಅಲ್ ಮೋಡಿನಲ್ಲಿ ಅಪರ್ಚರ್ ಬದಲಿಸಬೇಕಾದರೆ ಮೇಲಿನ ಪ್ಲಸ್-ಮೈನಸ್ ಗುಂಡಿಯನ್ನು ಒತ್ತಿ ಹಿಡಿದು ಆ ಡಯಲನ್ನೇ ತಿರುಗಿಸಬೇಕು. ಈ ಹಸ್ತಮುದ್ರೆ ಸಿದ್ಧಿಸುವಷ್ಟರಲ್ಲಿ ಮಗು ಕೇಕ್ ಕತ್ತರಿಸಿ, ತಿಂದು, ಕೈ ತೊಳೆದಿರುತ್ತದೆ. ಇನ್ನು ಮೋಟರ್: ಹಳೆಯ 50 ಎಂಎಂ ಎಫ್/1.8 ಡಿ ಲೆನ್ಸಿಗೆ ಸ್ವಂತ ಮೋಟರಿಲ್ಲ, ಕ್ಯಾಮೆರಾದೊಳಗಿನ ಮೋಟರ್ ಅದನ್ನು ತಿರುಗಿಸಬೇಕು. ದೊಡ್ಡದರಲ್ಲಿ ಅದುಂಟು, ಚಿಕ್ಕದರಲ್ಲಿ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಆ ಲೆನ್ಸ್ ತಂದ ಆರಂಭವಾದಿ ಕೈಯಿಂದಲೇ ಫೋಕಸ್ ತಿರುವುತ್ತ ಕೂತು, ಹಳಬರ ಶಿಸ್ತನ್ನು ಬೇಕೆಂದೇ ಪಾಲಿಸುತ್ತಿದ್ದೇನೆ ಎಂದು ಹೆಂಡತಿಗೆ ಹೇಳುತ್ತಾನೆ.

ಇಷ್ಟೆಲ್ಲ ಭೇದಗಳನ್ನು ಒಂದೇಟಿಗೆ ಅಳಿಸಿಹಾಕುವ ತತ್ವವೊಂದು ಎರಡೂ ಕ್ಯಾಮೆರಾಗಳ ನೆತ್ತಿಯ ಮೇಲಿದೆ: ಹಸಿರು ಬಣ್ಣದ ಆಟೋ. ಹಂಪಿಯ ಕಲ್ಲಿನ ರಥದ ಮುಂದೆ ನಿಂತು ಕ್ಷೇತ್ರಕಾರ್ಯ ಮಾಡಿದವರಿಗೆ ಇದು ಗೊತ್ತು. ಯಾರ ಕ್ಯಾಮೆರಾ ಇಣುಕಿದರೂ ಡಯಲ್ ಅಲ್ಲೇ ನೆಟ್ಟಿರುತ್ತದೆ. ಬಿಸಿಲಿಗೆ ಬೆನ್ನು ಕೊಟ್ಟು ನಿಂತ ಅತ್ತೆಯವರ ಮುಖ ಕಪ್ಪಾಗಿ ಕಂಡೊಡನೆ ಕ್ಯಾಮೆರಾ ತಾನೇ ಫ್ಲಾಶ್ ಎತ್ತಿ ಹೊಡೆಯುತ್ತದೆ. ದುಪ್ಪಟ್ಟು ಬೆಲೆಯದ್ದೂ ಅದೇ ಅತ್ತೆಯನ್ನು ಅಷ್ಟೇ ಬೆಚ್ಚಿಬೀಳಿಸುತ್ತದೆ. ಶಟರಿನ ಆಯುಸ್ಸು ಚಿಕ್ಕದಕ್ಕೆ ಒಂದು ಲಕ್ಷ ಕ್ಲಿಕ್, ದೊಡ್ಡದಕ್ಕೆ ಒಂದೂವರೆ ಲಕ್ಷ ಎಂದು ಪರೀಕ್ಷಿಸಿದ್ದಾರಂತೆ. ಹುಟ್ಟುಹಬ್ಬ, ಗಣೇಶನ ಹಬ್ಬ, ಒಂದು ಪ್ರವಾಸ ಎಲ್ಲ ಸೇರಿ ವರ್ಷಕ್ಕೆ ಸಾವಿರ ಎಂದಿಟ್ಟುಕೊಂಡರೂ ಚಿಕ್ಕದು ಶತಾಯುಷಿ. ಮಾಧ್ಯಮಿಕ ಹೆಚ್ಚಿಗೆ ತೆತ್ತ ಹಣ ನೂರು ವರ್ಷ ಕಳೆದ ಮೇಲಿನ ಐವತ್ತು ವರ್ಷಗಳಿಗೆ ಮುಂಗಡ.

ಹಾಗಾದರೆ ಪ್ರಬಂಧಕಾರನ ಸಿದ್ಧಾಂತವೇನು? ಚಿಕ್ಕದನ್ನು ಕೊಂಡು, ಉಳಿದ ಹಣವನ್ನು ಗಾಜಿಗೆ ಹಾಕುವುದು. ಕಿಟ್ಟಿನ ಜೊತೆ ಬರುವ 18-55 ಲೆನ್ಸ್, ತುದಿಯವರೆಗೆ ಜೂಮ್ ಮಾಡಿದಾಗ, ಎಫ್/5.6ಕ್ಕಿಂತ ಹೆಚ್ಚು ಬಾಯಿ ಬಿಡುವುದಿಲ್ಲ. ಸ್ವಂತ ಮೋಟರುಳ್ಳ 50 ಎಂಎಂ ಎಫ್/1.8 ಜಿ ಹಾಕಿದರೆ ಒಂಬತ್ತು ಪಟ್ಟಿಗೂ ಮಿಕ್ಕಿ ಬೆಳಕು ಒಳಬರುತ್ತದೆ. ಮಂಗಳಾರತಿಯ ದೀಪದಲ್ಲೂ ಮುಖ ಸಿಗುತ್ತದೆ. ಫೋಟೋಗ್ರಾಫರುಗಳು ಕ್ಯಾಮೆರಾಕ್ಕೆ ‘ಬಾಡಿ’ ಎನ್ನುವುದು ಸುಮ್ಮನಲ್ಲ. ಅದು ನಶ್ವರ, ಲೆನ್ಸ್ ಮುಂದಿನ ಬಾಡಿಯನ್ನು ಪ್ರವೇಶಿಸುತ್ತದೆ.

ಈ ಸಿದ್ಧಾಂತಕ್ಕೆ ವಿದ್ವದ್ವಲಯದಲ್ಲಿ ಮನ್ನಣೆ ಸಿಗುವ ಮೊದಲೇ ಕಾಲ ಕೈಕೊಟ್ಟಿತು. 2017ರ ಡಿ7500 ಮೆಗಾಪಿಕ್ಸೆಲ್ಲನ್ನು 20.9ಕ್ಕೆ ಇಳಿಸಿ, ಎರಡನೆಯ ಕಾರ್ಡ್ ಖಾನೆಯನ್ನೂ ಕೈಬಿಟ್ಟಿತು. ಮರುವರ್ಷದ ಅಗ್ಗದ ಡಿ3500ರಲ್ಲಿ 24.2 ಹಾಗೆಯೇ ಉಳಿಯಿತು. “ಎಷ್ಟು ಮೆಗಾಪಿಕ್ಸೆಲ್ಲಪ್ಪಾ ನಿಂದು?” ಎಂಬ ಸೋದರಮಾವನ ಪ್ರಶ್ನೆಗೆ ದುಡ್ಡು ಸುರಿದ ಅಳಿಯನ ಬಳಿ ಉತ್ತರವಿಲ್ಲದಾಯಿತು. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಮನೆಗಳು ಒಳಗಿನ ಕನ್ನಡಿಯನ್ನೇ ಕಿತ್ತುಹಾಕಿ, ದೊಡ್ಡ ಸೆನ್ಸರಿನ ಮಿರರ್‌ಲೆಸ್ ತಂದವು. 2020ರ ಈಚೆಗೆ ಅವರಿಂದ ಹೊಸ ಡಿಎಸ್‌ಎಲ್‌ಆರ್ ಬಂದಿಲ್ಲ. ವಿಷಯವೇ ಗತಿಸಿತೆಂದು ವಾದ ನಿಂತಿಲ್ಲ. ಅದೀಗ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಸ್ಥಳಾಂತರಗೊಂಡಿದೆ.

ಅಂಥದೊಂದು ಅಂಗಡಿಯಲ್ಲಿ ಈ ಪ್ರಬಂಧದ ಸಾರಾಂಶವನ್ನು ಗಿರಾಕಿಯೊಬ್ಬರಿಗೆ ಸವಿಸ್ತಾರವಾಗಿ ನಿವೇದಿಸಲಾಯಿತು. ಅವರು ಪೆಂಟಾಪ್ರಿಸಮ್ಮಿಗೆ ತಲೆದೂಗಿದರು, ಮೊಣಕೈಗೆ ನಕ್ಕರು, ಎರಡೂ ಕ್ಯಾಮೆರಾಗಳನ್ನು ಕೈಯಲ್ಲಿ ತೂಗಿ ನೋಡಿದರು. ಆಮೇಲೆ ಅಂಗಡಿಯವನ ಕಡೆ ತಿರುಗಿ, “ಬ್ಯಾಗ್ ಯಾವುದಕ್ಕೆ ಫ್ರೀ?” ಎಂದರು.

ಚಿಕ್ಕದಕ್ಕಿತ್ತು.