ವಿಯೆನ್ನಾ ಕಂಡ ಬೀಗರು

ಮಗ ಅಮೆರಿಕದಲ್ಲಿದ್ದಾನೆ ಎಂದರೆ ರಾಯಚೂರಿನಲ್ಲಿ ಈಗ ಯಾರೂ ಕತ್ತೆತ್ತಿ ನೋಡುವುದಿಲ್ಲ. ಓಣಿಗೊಬ್ಬ ಅಂಥ ಮಗ ಇದ್ದಾನೆ. ಯುರೋಪ್ ಮಾತ್ರ ಇನ್ನೂ ಹಳಸಿಲ್ಲ. ದೇವದುರ್ಗದ ನಮ್ಮ ಬೀಗರು ವಿಯೆನ್ನಾದಲ್ಲಿ ಮಗ-ಸೊಸೆಯ ಮನೆಯಲ್ಲಿದ್ದು ಬಂದಾಗಿನಿಂದ (ಸೊಸೆ ಎಂದರೆ ನನ್ನ ಮಗಳೇ, ಆದ್ದರಿಂದ ನಾನು ಬಾಯಿ ಬಿಗಿಹಿಡಿದು ಕೇಳಬೇಕು) ಅವರ ಎದುರು ಕುಂತು ನೆಮ್ಮದಿಯಿಂದ ಚಹಾ ಕುಡಿಯುವುದೂ ಕಷ್ಟವಾಗಿದೆ. ಚಹಾ ಬಂದರೆ ವಿಯೆನ್ನಾದ ಕಾಫಿಯ ಮಾತು. ಬಸ್ಸು ಬಂದರೆ ವಿಯೆನ್ನಾದ ಟ್ರಾಮಿನ ಮಾತು. ಬಸ್ಸು ಬರದಿದ್ದರೆ ಅದೇ ಟ್ರಾಮು, ಇನ್ನಷ್ಟು ಉದ್ದವಾಗಿ.

ನನಗೆ ಇನ್ನೊಬ್ಬ ಬೀಗರಿದ್ದಾರೆ, ಮಾನ್ವಿಯವರು. ಮಗನಿಗೆ ಹೆಣ್ಣು ಕೊಟ್ಟವರು. ಅವರು ಸಿಂಧನೂರು ದಾಟಿದರೆ ದೇಶಾಂತರ ಎನ್ನುವ ಪೈಕಿ. ಇವರಿಬ್ಬರೂ ಒಂದೇ ದಿನ ನಮ್ಮ ಮನೆಗೆ ಬಂದರೆ ನನ್ನಾಕೆ ಒಗ್ಗರಣಿ-ಮಿರ್ಚಿ ತಟ್ಟೆ ತಂದಿಟ್ಟು ಬಾಗಿಲ ಹಿಂದೆ ನಿಂತುಬಿಡುತ್ತಾಳೆ. ಟಿವಿ ಹಚ್ಚುವುದೇ ಬೇಡ.

ದೇವದುರ್ಗದವರ ದೊಡ್ಡ ಹೆಮ್ಮೆ ಒಂದೇ. "ಅಷ್ಟು ದೊಡ್ಡ ಊರಾಗ ಒಬ್ಬರನ್ನೂ ದಾರಿ ಕೇಳ್ಲಿಲ್ಲ ನೋಡ್ರಿ."

"ಕೇಳಿದ್ರ ಅವರಿಗೆ ತಿಳೀತಿತ್ತೇನು?" ಮಾನ್ವಿಯವರು.

"ಕೇಳೋ ಪ್ರಸಂಗನೇ ಇಲ್ರಿ. ಗ್ವಾಡಿಗೆ ನಕ್ಷೆ, ಕಂಬಕ್ಕ ನಂಬರು. ಮೂರು ನಿಮಿಷ ಅಂತ ಬೋರ್ಡಿನ್ಯಾಗ ಬಂತಂದ್ರ ಮೂರೇ ನಿಮಿಷಕ್ಕ ಟ್ರಾಮು ಬಂದು ನಿಂದರ್ತದ."

"ಹಂಗಾದ್ರ ಮಂದಿ ಮಾತಾಡೋದು ಯಾವಾಗ?"

ಈ ಪ್ರಶ್ನೆಗೆ ವಿಯೆನ್ನಾದಲ್ಲಿ ಉತ್ತರವಿಲ್ಲ. ಒಮ್ಮೆ ದೇವದುರ್ಗದವರ ಎದುರು ಸೀಟಿನಲ್ಲಿ ಅವರದೇ ವಯಸ್ಸಿನ ಮುದುಕರೊಬ್ಬರು ಕೂತಿದ್ದರಂತೆ. ಬೀಗರು ಮುಗುಳ್ನಕ್ಕರು. ಆತನೂ ನಕ್ಕ. ಬೀಗರು ತಲೆ ಅಲ್ಲಾಡಿಸಿದರು. ಆತನೂ ಅಲ್ಲಾಡಿಸಿದ. ಇನ್ನೇನು ಮಾತು ಶುರು ಎಂದು ಬೀಗರು ಮುಂದಕ್ಕೆ ಸರಿದು ಕೂತರೆ, ಆತ ಕನ್ನಡಕ ಒರೆಸಿಕೊಂಡು ಪೇಪರು ಬಿಡಿಸಿದ. ದೇವದುರ್ಗದ ಬಸ್ಸಿನಲ್ಲಿ ಇಷ್ಟು ನಗು, ಇಷ್ಟು ತಲೆ ಅಲ್ಲಾಟ ಆಗಿದ್ದರೆ ಗಬ್ಬೂರು ಬರುವುದರೊಳಗೆ ಒಂದು ಸಂಬಂಧ ಕುದುರುತ್ತಿತ್ತು.

ಟಿಕೆಟ್ ವಿಚಾರ ಬಂದಾಗ ಜಗಳ ಜೋರಾಯಿತು. ವಿಯೆನ್ನಾದ ಸುರಂಗ ರೈಲಿಗೆ ಅಡ್ಡಗೇಟಿಲ್ಲ, ಕಂಡಕ್ಟರಿಲ್ಲ. ಮಶೀನಿನಲ್ಲಿ ಟಿಕೆಟ್ ತಗೊಂಡು, ಒಳಗೆ ಹೋಗುವ ಮುಂಚೆ ಒಂದು ಸಣ್ಣ ಡಬ್ಬಿಯ ಬಾಯಿಗೆ ತುರುಕಿ ಮುದ್ರೆ ಒತ್ತಿಸಿಕೊಳ್ಳಬೇಕು. ಒತ್ತಿಸದಿದ್ದರೆ ದುಡ್ಡು ಕೊಟ್ಟು ತಂದ ಟಿಕೆಟೂ ಬರೀ ಕಾಗದ.

"ಯಾರೂ ನೋಡಂಗಿಲ್ಲಂದ್ರ ತಗೊಳ್ಳೋದ್ಯಾಕ?"

"ನೋಡ್ತಾರ್ರೀ! ಮಫ್ತಿಯೊಳಗ ಬರ್ತಾರ. ಸಿಕ್ಕೊಂಡ್ರ ನೂರು ಯೂರೋದ ಮ್ಯಾಲ ದಂಡ."

ಮಾನ್ವಿಯವರು ಮನಸ್ಸಿನಲ್ಲೇ ಗುಣಿಸಿದರು. ತುಟಿ ಅಲ್ಲಾಡುವುದು ಕಾಣುತ್ತಿತ್ತು. "ಹತ್ತು ಸಾವಿರ! ನಮ್ಮ ಸಂತ್ಯಾಗ ಆಡು ಬರ್ತಾವ ಅಷ್ಟಕ್ಕ."

ನಡುವೆ ನಾನು ಬಾಯಿ ಹಾಕಿ, ಆ ಊರಿನಲ್ಲಿ 2012ರಿಂದ ಬಹಳ ಕಾಲ ವರ್ಷದ ಪಾಸಿಗೆ 365 ಯೂರೋ ಇತ್ತು, ದಿನಕ್ಕೆ ಒಂದೇ ಯೂರೋ ಬಿದ್ದಂತಾಯಿತು ಎಂದೆ. ಈಗ ಏರಿಸಿದ್ದಾರೆ. ಅಷ್ಟಕ್ಕೇ ಬಿಡದೆ, ಲಕ್ಸೆಂಬರ್ಗ್ ಅಂತ ಒಂದು ಪುಟ್ಟ ದೇಶ, ಅಲ್ಲಿ 2020ರಿಂದ ಬಸ್ಸು, ಟ್ರಾಮು, ರೈಲು ಎಲ್ಲ ಪುಕ್ಕಟೆ ಎಂದೂ ಹೇಳಿದೆ. ಬಾಗಿಲ ಹಿಂದಿದ್ದ ನನ್ನಾಕೆ ಮುಂದೆ ಬಂದಳು. "ಅದರಾಗೇನು? ನಮಗ 2023ರ ಜೂನಿನಿಂದ ಪುಕ್ಕಟೇನ ಅದ. ಆಧಾರ ತೋರಿಸಿದ್ರ ಬೀದರ್ ತನಕ ಹೋಗ್ತೀನಿ."

"ಅಲ್ಲಿ ಗಂಡಸರಿಗೂ ಅದರೀ," ಎಂದೆ.

ಮಾನ್ವಿ ಬೀಗರು ಮಿರ್ಚಿ ತಟ್ಟೆಗೆ ಇಟ್ಟು ಮೊದಲ ಸಲ ಯುರೋಪಿನ ಬಗ್ಗೆ ಆಸಕ್ತಿ ತೋರಿಸಿದರು. "ಅದ್ಯಾವ ಊರಂದ್ರಿ?"

ದೇವದುರ್ಗದವರು ಸೋಲೊಪ್ಪುವವರಲ್ಲ. ಸುರಂಗ ರೈಲಿನ ಲೈನುಗಳನ್ನು ಬೆರಳು ಮಡಚಿ ಎಣಿಸಿದರು: ಒಂದು, ಎರಡು, ಮೂರು, ನಾಕು, ಆರು.

"ಐದು?"

"ಐದಿಲ್ಲ."

ಇದು ನಿಜ. ಆರನೆಯ ಲೈನು 1989ರಿಂದ ಓಡುತ್ತಿದೆ. ಐದು ಎಂಬ ನಂಬರನ್ನು ದಶಕಗಟ್ಟಲೆ ಖಾಲಿ ಬಿಟ್ಟು, ಅದರ ಕೆಲಸಕ್ಕೆ ತೀರ ಈಚೆಗೆ ಕೈಹಾಕಿದರು. ಮಾನ್ವಿಯವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಮುನಿರಾಬಾದ್–ಮೆಹಬೂಬನಗರ ರೈಲುಮಾರ್ಗ ಮಂಜೂರಾದದ್ದು 1997–98ರಲ್ಲಿ. ಅದು ಗಂಗಾವತಿ, ಕಾರಟಗಿ ಎನ್ನುತ್ತ ತೆವಳಿ ಸಿಂಧನೂರಿಗೆ ರೈಲು ಮುಟ್ಟಿಸಿದ್ದು 2024ರ ಮಾರ್ಚಿನಲ್ಲಿ. ಮಾನ್ವಿ ಮುಂದಿನ ಸರದಿ. ಮಾನ್ವಿಯಲ್ಲಿ ಹುಟ್ಟಿದ ಕೂಸುಗಳಿಗೆ ಮದುವೆಯಾಗಿ ಕೂಸಾದರೂ ಸರದಿ ಸರದಿಯಾಗಿಯೇ ಇದೆ.

"ಹಂಗಾದ್ರ ನಮ್ಮ ಮಾನ್ವಿ ಸ್ಟೇಷನ್ನು ನಿಮ್ಮ ವಿಯೆನ್ನಾದ ಐದನೇ ಲೈನಿನ ಮ್ಯಾಲ ಅದ ಬಿಡ್ರಿ!"

ದೇವದುರ್ಗಕ್ಕಂತೂ ಅಷ್ಟೂ ಇಲ್ಲ. ಈ ಮಾತು ಬಂದಾಗ ನಾನು ಸುಮ್ಮನೆ ಕಾಲ ಮೇಲೆ ಕಾಲು ಹಾಕಿಕೊಳ್ಳುತ್ತೇನೆ. ಮುಂಬಯಿಯಿಂದ ಬಂದ ಹಳಿ ಮತ್ತು ಮದ್ರಾಸಿನಿಂದ ಬಂದ ಹಳಿ 1871ರಲ್ಲಿ ಕೈಕೈ ಹಿಡಿದದ್ದು ನಮ್ಮ ರಾಯಚೂರಿನಲ್ಲಿ. ವಿಯೆನ್ನಾದ ಸುರಂಗ ರೈಲು 1978ರದ್ದು. ಲೆಕ್ಕ ಯಾರು ಬೇಕಾದರೂ ಹಾಕಿಕೊಳ್ಳಲಿ.

71ನೇ ನಂಬರಿನ ಟ್ರಾಮಿನ ವಿಷಯವೂ ಬಂತು. ಅದು ಊರ ದೊಡ್ಡ ಸ್ಮಶಾನಕ್ಕೆ ಹೋಗುತ್ತದೆ. ಬೀಥೋವನ್, ಶೂಬರ್ಟ್ ಮಲಗಿರುವ ಜಾಗ. ಯಾರಾದರೂ ತೀರಿಕೊಂಡರೆ "71 ಹತ್ತಿದರು" ಎಂದು ವಿಯೆನ್ನಾದವರು ತಮಾಷೆ ಮಾಡುತ್ತಾರಂತೆ. ಮಾನ್ವಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮಲ್ಲಿ ಅದಕ್ಕ ನಾಕು ಮಂದಿ ಬೇಕು. ಅಲ್ಲಿ ನಂಬರ್ ಸಾಕು."

ಆದರೆ ದೇವದುರ್ಗದವರು ಯಾವಾಗಲೂ ಕೊನೆಗೆ ಹೊರತೆಗೆಯುವ ಬಾಣ ಎಂದರೆ ರಿಂಗ್ ರಸ್ತೆ. ವಿಯೆನ್ನಾಕ್ಕೂ ನಮ್ಮಂತೆ ಕೋಟೆಯಿತ್ತು. 1529ರಲ್ಲಿ ತುರುಕರು ಬಂದು ಮುತ್ತಿದರೂ ಬಿಡದ ಕೋಟೆ, 1683ರಲ್ಲಿ ಮತ್ತೆ ಬಂದರೂ ಬಿಡದ ಕೋಟೆ. ಶತ್ರುಗಳಿಗೆ ಜಗ್ಗದ ಗೋಡೆಯನ್ನು 1857ರಲ್ಲಿ ಅವರ ಸಾಮ್ರಾಟ ಫ್ರಾಂಜ್ ಜೋಸೆಫನೇ ಕೆಡವಿರಿ ಎಂದು ಅಪ್ಪಣೆ ಕೊಟ್ಟ. ಆ ಜಾಗದಲ್ಲಿ ಅಗಲವಾದ ರಸ್ತೆ ಮಾಡಿ 1865ರಲ್ಲಿ ತೆರೆದರು. ಈಗ ಅದರ ಮೇಲೆ ಟ್ರಾಮು. ಒಂದು ಕಡೆ ಒಪೇರಾ, ಒಂದು ಕಡೆ ಪಾರ್ಲಿಮೆಂಟು, ಕೂತಲ್ಲೇ ದರ್ಶನ.

"ಒಂದು ಸುತ್ತು ಹೊಡೆದ್ರ ಊರು ಮುಗೀತು," ಎಂದರು.

ಸುತ್ತು ಹೊಡೆಯಲು ಒಂದೇ ಟ್ರಾಮು ಸಾಲುವುದಿಲ್ಲ ಎಂಬುದನ್ನು ಅವರು ಹೇಳಲಿಲ್ಲ. ನನ್ನ ಮಗಳು ಫೋನಿನಲ್ಲಿ ಹೇಳಿದ್ದು. 2008ರಲ್ಲಿ ದಾರಿಗಳನ್ನು ಬದಲಿಸಿದ ಮೇಲೆ ಒಂದನೇ ನಂಬರು ಅರ್ಧ ಸುತ್ತಿ ಬೇರೆ ಕಡೆ ತಿರುಗಿಬಿಡುತ್ತದೆ. ನಡುವೆ ಇಳಿದು ಎರಡನೇ ನಂಬರು ಹಿಡಿಯಬೇಕು. ಬೀಗರು ಕಿಟಕಿ ಪಕ್ಕ ಕೂತು ಒಪೇರಾ ಮತ್ತೆ ಬರುತ್ತದೆಂದು ಕಾಯುತ್ತ, ಕೊನೆಯ ಸ್ಟಾಪಾದ ಪ್ರಾಟರ್ ಉದ್ಯಾನದ ಗಿಡಗಳ ಕೆಳಗೆ ಇಳಿದರಂತೆ. ಅಲ್ಲಿಂದಲೂ ಯಾರನ್ನೂ ಕೇಳಲಿಲ್ಲ. ಮಗನಿಗೆ ಫೋನ್ ಮಾಡಿದರು. ಫೋನಿಗೆ ಲೆಕ್ಕವಿಲ್ಲ.

ನಾವು ಕೋಟೆ ಕೆಡವಲಿಲ್ಲ. ಅಷ್ಟು ಪುರುಸೊತ್ತು ಯಾರಿಗಿತ್ತು? ಬಾಗಿಲುಗಳಿಗೆ ಹೆಸರು ಉಳಿಸಿಕೊಂಡೆವು. ನವರಂಗ್ ದರ್ವಾಜಾ, ಕಾಟಿ ದರ್ವಾಜಾ, ಮೆಕ್ಕಾ ದರ್ವಾಜಾ. ಆಸುಪಾಸಿನಲ್ಲೇ ಅಂಗಡಿ, ಆಟೋ, ತಳ್ಳುಗಾಡಿ. ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಬಂಡೆಯಿದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನ. ಶಾಸನ ಓದುವವರು ಕಡಿಮೆ, ನಾನಂತೂ ಅದರ ಜೊತೆಗಿನ ಚಿತ್ರ ನೋಡಲು ಹೋಗುತ್ತೇನೆ. ಆ ಬಂಡೆಯನ್ನೇ ಬಂಡಿಯ ಮೇಲೆ ಹೇರಿ ತಂದ ಬಗೆಯನ್ನು ಗೆರೆಗಳಲ್ಲಿ ಕೊರೆದಿದ್ದಾರೆ. ಮುಂದೆ ಕೋಣಗಳ ಉದ್ದನೆಯ ಸಾಲು, ನಡುನಡುವೆ ಹೊಡೆಯುವವರು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವವರು. ರಾಯಚೂರಿನ ಟ್ರಾಫಿಕ್ಕಿನ ಮೊಟ್ಟಮೊದಲ ಚಿತ್ರ ಅದು. ಕೋಣಗಳಿಗೆ ಹಾರ್ನಿಲ್ಲ ಎಂಬುದೊಂದೇ ಕೊರತೆ.

ಇನ್ನು ಯುರೋಪಿನವರು ನಮ್ಮೂರಿಗೆ ಬಂದ ಕತೆ ಬೇಕಾದರೆ ವಿಯೆನ್ನಾದ ಮುತ್ತಿಗೆಗಿಂತ ಒಂಬತ್ತು ವರ್ಷ ಹಿಂದಕ್ಕೆ ಹೋಗಬೇಕು. 1520ರಲ್ಲಿ ಕೃಷ್ಣದೇವರಾಯರು ಆದಿಲಶಾಹಿಗಳಿಂದ ರಾಯಚೂರು ಕಿತ್ತುಕೊಂಡಾಗ ಅವರ ಪಾಳೆಯದಲ್ಲಿ ಕ್ರಿಸ್ಟೊವಾಂವ್ ಡಿ ಫಿಗೆರೆಡೊ ಎಂಬ ಪೋರ್ಚುಗೀಸನಿದ್ದ. ಬಂದದ್ದು ಕುದುರೆ ಮಾರಲು. ಸೇರಿಕೊಂಡದ್ದು ಯುದ್ಧಕ್ಕೆ. ಇವನ ಬಂದೂಕಿನವರು ಗೋಡೆ ಮೇಲಿನ ಕಾವಲುಗಾರರಿಗೆ ಗುರಿಯಿಟ್ಟು ತಲೆ ಎತ್ತದಂತೆ ಮಾಡಿದರು, ಕೆಳಗೆ ರಾಯರ ಮಂದಿ ಹಾರೆ-ಗುದ್ದಲಿ ಹಿಡಿದು ಗೋಡೆಯನ್ನೇ ಕಿತ್ತರು. ಇದನ್ನೆಲ್ಲ ನೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿಟ್ಟಿದ್ದಾನೆ. ಫಿಗೆರೆಡೊ ಎಂಬ ಆ ಪ್ರವಾಸಿಗೂ ಯಾರನ್ನೂ ದಾರಿ ಕೇಳುವ ಪ್ರಸಂಗ ಬರಲಿಲ್ಲ. ದಾರಿ ಮಾಡಿಕೊಂಡೇ ಒಳಗೆ ಬಂದ.

ಈಚೆಗೆ ಅಳಿಯನ ಆಫೀಸಿನ ಹುಡುಗನೊಬ್ಬ, ಅಪ್ಪಟ ವಿಯೆನ್ನಾದವನು, ಹಂಪಿ ನೋಡಲು ಬಂದವನು ನಮ್ಮ ಮನೆಗೂ ಬಂದ. ಕೈಯಲ್ಲಿ ಫೋನು, ಫೋನಿನಲ್ಲಿ ನಕ್ಷೆ. ಸ್ಟೇಷನ್ನಿಗೆ ಕರೆಯಲು ಹೋಗುತ್ತೇನೆಂದು ಹೊರಟವರು ದೇವದುರ್ಗದ ಬೀಗರು. ಭಾಷೆ ಬರುತ್ತದೆ ಎಂಬ ಧೈರ್ಯ. ಅವರಿಗೆ ಬರುವ ಜರ್ಮನ್ನು ಎರಡೇ ಮಾತು, ಎರಡಕ್ಕೂ ಅರ್ಥ ನಮಸ್ಕಾರ.

ಮನೆ ತೀನ್ ಕಂದೀಲ್ ಆಚೆ. ಹುಡುಗ ಆ ಮೂರು ಕಂದೀಲು ಎಲ್ಲಿವೆ ತೋರಿಸಿ ಎಂದನಂತೆ. ಬೀಗರು ಪಾನ್ ಅಂಗಡಿಯವನನ್ನು ಕೇಳಿದರು. ಅವನು ಪಕ್ಕದ ಬಟ್ಟೆ ಅಂಗಡಿಯ ಚಾಚಾನನ್ನು ಕೇಳಿದ. ಚಾಚಾ ಮೊದಲು "ಇವರು ಯಾರ ಪೈಕಿ?" ಎಂದು ಕೇಳಿದರು. ಆ ಪ್ರಶ್ನೆ ಬಗೆಹರಿಯುವವರೆಗೆ ಕಂದೀಲಿನ ಮಾತಿಲ್ಲ. ನನ್ನ ಹೆಸರು ಬಂತು, ನಮ್ಮಪ್ಪನ ಹೆಸರು ಬಂತು, ನಮ್ಮಪ್ಪ ಗಂಜಿನಲ್ಲಿ ಹತ್ತಿ ಮಾರುತ್ತಿದ್ದದ್ದು ಬಂತು, ನಾಲ್ಕು ಚಹಾ ಬಂದವು. ಅಲ್ಲಿಂದ ನಮ್ಮ ಮನೆ ಮಾರು ದೂರವಿಲ್ಲ. ಬೀಗರಿಂದ ನನಗೆ ಮೂರು ಫೋನು ಬಂದವು. ವಿಯೆನ್ನಾ ಸುತ್ತಿದವರಿಗೆ ಮಗಳು ಕೊಟ್ಟ ಮನೆ... ಅಲ್ಲ, ಸೊಸೆ ತಂದ ಮನೆ ಸಿಗಲಿಲ್ಲವೇ ಎಂದು ನನ್ನಾಕೆ ನಕ್ಕದ್ದೇ ನಕ್ಕದ್ದು. ನಾನು ನಗಲಿಲ್ಲ. ಯಾರ ಪರಿಚಯವೂ ಇಲ್ಲದವನು ಬರುತ್ತಾನೆಂದು ಎಣಿಸಿಯೇ ವಿಯೆನ್ನಾ ಬೋರ್ಡು ಹಾಕಿಕೊಂಡಿದೆ. ರಾಯಚೂರಿಗೆ ಅಂಥವನೊಬ್ಬ ಇರಬಹುದು ಎಂಬ ಕಲ್ಪನೆಯೇ ಇಲ್ಲ. ನಮ್ಮ ಆಟೋದವನೂ ಮೀಟರು ನೋಡುವುದಿಲ್ಲ, ಮುಖ ನೋಡುತ್ತಾನೆ.

ಮಾರನೇ ದಿನ ಹುಡುಗನಿಗೆ ಮಾನ್ವಿಯಲ್ಲಿ ಊಟ. ಒಬ್ಬನೇ ಹೋಗುತ್ತೇನೆಂದ. ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಹುಡುಕುತ್ತಿದ್ದವನನ್ನು ಕಂಡಕ್ಟರೇ ಹುಡುಕಿಕೊಂಡು ಬಂದು "ಮಾನ್ವಿ ಮಾನ್ವಿ ಮಾನ್ವಿ, ಬರ್ರಿ ಸಾಹೇಬ್ರ" ಎಂದು ಹತ್ತಿಸಿಕೊಂಡ. ಪಕ್ಕದ ಅಜ್ಜಿ ಆಧಾರ ಕಾರ್ಡು ತೋರಿಸಿ ದುಡ್ಡು ಕೊಡದೆ ಟಿಕೆಟ್ ತಗೊಂಡದ್ದನ್ನು ಅವನು ಬೆರಗಿನಿಂದ ನೋಡಿದ. ತಾನೂ ಪಾಸ್‌ಪೋರ್ಟ್ ತೆಗೆದು ತೋರಿಸಿದ. ಬಸ್ಸೆಲ್ಲ ನಕ್ಕಿತು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಬೊಗಸೆ ಹುರಿದ ಶೇಂಗಾ ಕೊಟ್ಟಳು. ಸಿಪ್ಪೆ ಹಾಕಲು ಡಬ್ಬಿ ಕಾಣದೆ ಅವನು ಒಂದೊಂದನ್ನೇ ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ನೀರಮಾನ್ವಿ ಬರುವುದರೊಳಗೆ ಅವನಿಗೆ ಮದುವೆಯಾಗಿಲ್ಲವೆಂಬುದು ಹಿಂದಿನ ಸೀಟಿನವರೆಗೂ ಗೊತ್ತಾಗಿತ್ತು. ಸಂಬಳ ಮಾತ್ರ ಗೊತ್ತಾಗಲಿಲ್ಲ, ಯೂರೋದಲ್ಲಿ ಹೇಳಿದ.

ಇತ್ತ ನಮ್ಮ ಮನೆಯಲ್ಲಿ ದೇವದುರ್ಗದ ಬೀಗರಿಗೆ ಕಳವಳ. ಮಾನ್ವಿಗೆ ಫೋನ್ ಹಚ್ಚಿದರು. "ಹುಡುಗ ಮುಟ್ಟಿದನೇನ್ರಿ? ಟಿಕೆಟ್ ಒತ್ತಿಸಿಕೊಂಡಿದ್ದನೋ ಇಲ್ಲೋ ಕೇಳ್ರಿ, ಅವರಿಗೆ ಅದು ರೂಢಿ."

ಆ ಕಡೆಯಿಂದ ಮಾನ್ವಿಯವರ ದನಿ ನನಗೂ ಕೇಳುವಷ್ಟು ಜೋರಾಗಿ ಬಂತು: "ಟಿಕೆಟ್ ಎಲ್ಲೀದ್ರಿ ಬೀಗ್ರ, ಮೂರು ಮಂದಿ ಸೀಟಿನ್ಯಾಗ ಐದು ಮಂದಿ ಸೇರಿ ಅವನನ್ನ ಒತ್ತಿ ಕಳಿಸ್ಯಾರ!"