ಉಳಿಗೊಂದು ಸಾಣೆ, ಸಾಣೆಗೊಂದು ಸಾಣೆ

ಬ್ಯಾಂಕಿನಿಂದ ನಿವೃತ್ತರಾದ ಮುಂಬಯಿ ಕನ್ನಡಿಗರಲ್ಲಿ ಕೆಲವರು ಜಾತಿ ಸಂಘದ ಕೋಶಾಧಿಕಾರಿಯಾಗುತ್ತಾರೆ, ಕೆಲವರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ, ಉಳಿದವರು ಊರಿನ ಜಾಗದ ತಕರಾರು ಹಿಡಿದುಕೊಂಡು ಕುಂದಾಪುರದ ಕೋರ್ಟಿಗೆ ಅಲೆಯುತ್ತಾರೆ. ನನಗೆ ಲೆಕ್ಕ ಬರೆದು ಸಾಕಾಗಿತ್ತು. ಕೃಷ್ಣಸಂಧಾನದಲ್ಲಿ ವಿದುರನಿಗಿಂತ ಮೇಲಿನ ಪಾತ್ರವನ್ನು ಯಾರೂ ಕೊಡಲಿಲ್ಲ. ಊರಿನ ಜಾಗವನ್ನು ಅಣ್ಣ ಆಗಲೇ ಮಾರಿದ್ದ. ಹಾಗಾಗಿ ನಾನು ಸಾಂತಾಕ್ರೂಜ್ ಪೂರ್ವದ ವಾಕೋಲದಲ್ಲಿ, ಮೂರನೆಯ ಮಾಳಿಗೆಯ ಒಂದು ಬೆಡ್‌ರೂಮಿನ ಮನೆಯ ಬಚ್ಚಲಲ್ಲಿ ಕುಳಿತು, ಜಪಾನಿನ ಉಳಿ ಮಸೆಯುವವನಾದೆ.

ಎಲ್ಲಕ್ಕೂ ಕಾರಣ ಹೆರೆಮಣೆ. ಮದುವೆಯ ಹೊತ್ತಿಗೆ ಅತ್ತೆ ಕೊಟ್ಟದ್ದು, ಹಲಸಿನ ಮರದ್ದು. ಅದರ ಹಿಂದಿನ ಕಾಲು ಸಡಿಲಾಗಿ, ಹೆಂಡತಿ ಕಾಯಿ ತುರಿಯುವಾಗ ಕಟಕ್ ಕಟಕ್ ಎನ್ನುತ್ತಿತ್ತು. ಅವಳು ಹೇಳಿದ್ದು ಇಷ್ಟೇ: "ಆಚಾರ್ರಿಗೆ ಒಂದು ಫೋನ್ ಮಾಡಿ."

"ಇಷ್ಟು ಸಣ್ಣ ಕೆಲಸಕ್ಕೆ ಆಚಾರ್ರು ಯಾಕೆ? ಒಂದು ಉಳಿ ಇದ್ದರೆ ನಾನೇ ಮಾಡುತ್ತೇನೆ," ಎಂದೆ.

ಆ ರಾತ್ರಿ ಮೊಬೈಲಿನಲ್ಲಿ ಉಳಿ ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಕೆಝುರೋಕಾಯ್ ಎಂಬ ಜಪಾನೀಯರ ಸ್ಪರ್ಧೆ. ಬಡಗಿಗಳು ಸಾಲಾಗಿ ನಿಂತು ಉದ್ದನೆಯ ತೊಲೆಯ ಮೇಲೆ ಹತ್ತರಿ ಎಳೆಯುತ್ತಾರೆ. ತಳ್ಳುವುದಲ್ಲ, ಎಳೆಯುವುದು, ಅಲ್ಲಿ ಗರಗಸವೂ ಎಳೆದಾಗಲೇ ಕೊಯ್ಯುತ್ತದೆ. ಹೊರಬಂದ ಸಿಪ್ಪೆಯ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್; ಗೆದ್ದವನ ಸಿಪ್ಪೆ ಹತ್ತು ಮೈಕ್ರಾನ್ ಕೂಡ ಇರುವುದಿಲ್ಲ. ಒಬ್ಬ ಅಜ್ಜ ತಾನು ತೆಗೆದ ಸಿಪ್ಪೆಯನ್ನು ಮುಖದ ಮುಂದೆ ಹಿಡಿದು ಅದರ ಮೂಲಕ ನಕ್ಕ. ಆ ನಗು ನನ್ನನ್ನು ಕೆಡಿಸಿತು. ಹೆರೆಮಣೆಯ ಕಾಲು ಇನ್ನು ಬರಿಯ ನೆಪ.

ಮೊದಲು ಊರಲ್ಲೇ ಸಿಗುತ್ತದೋ ನೋಡೋಣವೆಂದು ಲೋಕಲ್ ಹಿಡಿದು ನಾಗದೇವಿ ಸ್ಟ್ರೀಟಿಗೆ ಹೋದೆ. ಮುಂಬಯಿಯಲ್ಲಿ ಬೋಲ್ಟಿನಿಂದ ಬಾಯ್ಲರಿನ ತನಕ ಕಬ್ಬಿಣದ್ದು ಏನು ಬೇಕಾದರೂ ಆ ಗಲ್ಲಿಯಲ್ಲಿ ಸಿಗಬೇಕು. ಅಂಗಡಿಯವನು ಹಳದಿ ಹಿಡಿಯ ಪಟಾಶಿಯನ್ನು ಮೇಜಿನ ಮೇಲೆ ಕುಕ್ಕಿದ. ನಾನು ಅದರ ಬೆನ್ನು ನೋಡಿ, ಇದರಲ್ಲಿ ಎರಡು ಲೋಹದ ಪದರ ಇಲ್ಲವಲ್ಲ, ಹಿಂಬದಿ ತಗ್ಗಾಗಿ ಕೊರೆದಿಲ್ಲವಲ್ಲ, ಗಡಸುತನ ರಾಕ್‌ವೆಲ್ ಅರವತ್ತನಾಲ್ಕಾದರೂ ಇದೆಯೇ ಎಂದೆಲ್ಲ ಕೇಳಿದೆ. ಅವನು ಚಹಾದ ಗ್ಲಾಸು ಕೆಳಗಿಟ್ಟ. "ಸಾಬ್, ಫರ್ನಿಚರ್ ಬನಾನಾ ಹೈ ಯಾ ಆಪರೇಶನ್ ಕರ್‌ನಾ ಹೈ?"

ಅಂದಿನಿಂದ ನಮ್ಮ ಮನೆಯಲ್ಲಿ ಉಕ್ಕಿನ ವಿಷಯ ಬಿಟ್ಟರೆ ಬೇರೆ ಮಾತಿಲ್ಲ. ಹೆಂಡತಿ ಧಾರಾವಾಹಿ ನೋಡುವಾಗ ನಾನು ಪಕ್ಕದಲ್ಲಿ ಕುಳಿತು ವಿವರಿಸುತ್ತಿದ್ದೆ: "ನೋಡು, ಶಿಮಾನೆ ಪ್ರಾಂತ್ಯದ ಯಾಸುಗಿ ಅಂತ ಊರು. ಅಲ್ಲಿನ ಉಕ್ಕಿಗೆ ಹೆಸರು ಬಂದದ್ದು ಅದಕ್ಕೆ ಸುತ್ತುವ ಕಾಗದದ ಬಣ್ಣದಿಂದ. ಬಿಳಿ ಕಾಗದದ್ದು ಶಿರೊಗಾಮಿ. ಬಹಳ ಶುದ್ಧ, ಬೇಗ ಹರಿತ ಆಗ್ತದೆ. ನೀಲಿ ಕಾಗದದ್ದು ಆವೊಗಾಮಿ. ಅದಕ್ಕೆ ಕ್ರೋಮಿಯಂ, ಟಂಗ್‌ಸ್ಟನ್ ಸೇರಿಸಿರ್ತಾರೆ. ಹರಿತ ಜಾಸ್ತಿ ದಿನ ನಿಲ್ತದೆ, ಬೆಲೆಯೂ ಜಾಸ್ತಿ. ಬಿಳಿ ತೆಗೊಳ್ಳಲಾ, ನೀಲಿ ತೆಗೊಳ್ಳಲಾ?"

"ಸೀರೆ ಅಂಗಡಿಯಲ್ಲಿ ನಾನು ಬಣ್ಣ ನೋಡಲಿಕ್ಕೆ ಹತ್ತು ನಿಮಿಷ ತೆಗೊಂಡರೆ ನೀವು ಹೊರಗೆ ಹೋಗಿ ನಿಲ್ತೀರಿ," ಎಂದಳು, ಟಿ.ವಿ.ಯಿಂದ ಕಣ್ಣು ಕೀಳದೆ.

ಒಸಾಕಾದಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಭಾವನ ಮಗ ರಜೆಗೆ ಬರುವವನಿದ್ದ. ಒಸಾಕಾದಿಂದ ಹಿಯೊಗೊ ಪ್ರಾಂತ್ಯದ ಮಿಕಿ ಹತ್ತಿರ. ಉಳಿ, ಗರಗಸಗಳಿಗೆ ಹೆಸರಾದ ಪಟ್ಟಣ. ಅವನು ಪ್ರತಿ ಸಲ ತನ್ನ ಅತ್ತೆಗೆ, ಅಂದರೆ ನನ್ನ ಹೆಂಡತಿಗೆ, ತರುತ್ತಿದ್ದ ಚಾಕಲೇಟಿನ ಜಾಗವನ್ನು ಈ ಸಲ ಬಿಳಿ ಉಕ್ಕಿನ ಎರಡು ಉಳಿ, ಎರಡೂ ಅಂಚಿಗೆ ಹಲ್ಲಿರುವ ಒಂದು ರ್ಯೋಬಾ ಗರಗಸ, ಒಂದು ಹತ್ತರಿ, ಮತ್ತೆ ಎರಡು ಮಸೆಗಲ್ಲು ತುಂಬಿದ್ದವು. ಚಾಕಲೇಟು ಕಾಣದ್ದಕ್ಕೇ ಅರ್ಧ ಮುನಿಸಿಕೊಂಡಿದ್ದ ಹೆಂಡತಿಗೆ ಹತ್ತರಿಯನ್ನು ತೋರಿಸಿ, "ಜಪಾನಿನಲ್ಲಿ ಇದಕ್ಕೆ ಕನ್ನ ಅಂತಾರೆ," ಎಂದೆ.

"ಬೆಲೆ ಕೇಳಿದಾಗಲೇ ಅಂದುಕೊಂಡೆ," ಎಂದಳು.

ದುಡ್ಡು ಕೊಟ್ಟು ತಂದ ಸಾಮಾನು ಡಬ್ಬದಿಂದ ತೆಗೆದ ಕೂಡಲೆ ಕೆಲಸ ಮಾಡಬೇಕೆಂಬುದು ನಮ್ಮ ನಂಬಿಕೆ. ಮಿಕಿಯವರಿಗೆ ಆ ನಂಬಿಕೆ ಇಲ್ಲ. ಉಳಿಯ ಹಿಡಿಗೆ ಹಾಕಿರುವ ಕಬ್ಬಿಣದ ಬಳೆಯನ್ನು ಬಿಚ್ಚಿ, ಹಿಡಿಯ ತಲೆಯನ್ನು ಸುತ್ತಿಗೆಯಿಂದ ಜಜ್ಜಿ, ಬಳೆಯನ್ನು ಮತ್ತೆ ಕೂರಿಸಬೇಕು. ಉಳಿಯ ಬೆನ್ನನ್ನು ಕನ್ನಡಿಯಾಗುವ ತನಕ ಉಜ್ಜಬೇಕು. ಹತ್ತರಿಯದ್ದು ಇನ್ನೂ ರಗಳೆ. ಅದರಲ್ಲಿ ಅಲಗನ್ನು ಬಿಗಿಹಿಡಿಯಲು ಸ್ಕ್ರೂ ಇಲ್ಲ. ಅಲಗೇ ಬೆಣೆಯ ಹಾಗೆ ಬಿಳಿ ಓಕ್ ಮರದ ದಿಮ್ಮಿಯಲ್ಲಿ ಕೊರೆದ ಗಾಡಿಯಲ್ಲಿ ಕೂರುತ್ತದೆ. ಗಾಡಿಯನ್ನು ಬೇಕೆಂದೇ ಬಿಗಿಯಾಗಿ ಕೊರೆದಿರುತ್ತಾರೆ. ಅಲಗಿನ ಬೆನ್ನಿಗೆ ಪೆನ್ಸಿಲ್ ಸೀಸ ಬಳಿದು, ಒಳಗೆ ತೂರಿಸಿ, ತೆಗೆದು, ಕಪ್ಪು ಹತ್ತಿದ ಕಡೆ ಮಾತ್ರ ಒಂದು ಕೂದಲಿನಷ್ಟು ಕೆರೆದು, ಮತ್ತೆ ತೂರಿಸಬೇಕು. ಕೊಂಡವನಿಗೂ ಒಂದಿಷ್ಟು ಬುದ್ಧಿ ಇರಬಹುದೆಂಬ ಗೌರವದಿಂದ ಅವರು ಕೆಲಸವನ್ನು ಅರ್ಧಕ್ಕೆ ಬಿಟ್ಟು ಕಳಿಸುತ್ತಾರೆ. ನನ್ನ ವಿಷಯದಲ್ಲಿ ಆ ಗೌರವ ವ್ಯರ್ಥ.

ಇದನ್ನೆಲ್ಲ ನಾನು ಮಾಡಿ ಮುಗಿಸಿದ್ದು ಜೂನ್ ಮೊದಲ ವಾರದಲ್ಲಿ. ಸಾಂತಾಕ್ರೂಜಿನ ಮಳೆಯ ಬಗ್ಗೆ ನಾನು ಹೇಳಬೇಕಾದ್ದಿಲ್ಲ. 2005ರ ಜುಲೈ 26ರಂದು ಕೊಲಾಬಾದಲ್ಲಿ 70 ಚಿಲ್ಲರೆ ಮಿಲಿಮೀಟರ್ ಬಿದ್ದರೆ ನಮ್ಮ ಹವಾಮಾನ ಕೇಂದ್ರದಲ್ಲಿ 944 ಮಿಲಿಮೀಟರ್ ದಾಖಲಾಗಿತ್ತು. ನಾಲ್ಕು ಹನಿ ಬಿದ್ದರೆ ಮಿಲನ್ ಸಬ್‌ವೇ ಮುಳುಗುವ ಊರು ಇದು. ಇಲ್ಲಿ ಹಪ್ಪಳ ಬಾಗುತ್ತದೆ, ಉಪ್ಪು ಕರಗುತ್ತದೆ, ಕಪಾಟಿನ ಬಾಗಿಲು ದೀಪಾವಳಿಯ ತನಕ ಮುಚ್ಚುವುದಿಲ್ಲ. ಬಿಳಿ ಓಕ್ ಮಾತ್ರ ಏನು ಮಾಡೀತು? ಒಂದು ಬೆಳಗ್ಗೆ ನೋಡಿದರೆ ದಿಮ್ಮಿ ಉಬ್ಬಿ ಅಲಗನ್ನು ಕಚ್ಚಿ ಹಿಡಿದಿತ್ತು. ಅಲಗು ಬಿಡಿಸಬೇಕಾದರೆ ದಿಮ್ಮಿಯ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕೆಂದು ಶಾಸ್ತ್ರ. ಮೆಲ್ಲಗೆ ಬಡಿದೆ. ಆಮೇಲೆ ಜೋರಾಗಿ ಬಡಿದೆ. ಕೆಳಗಿನ ಮನೆಯ ಗುಜರಾತಿ ಬೆನ್ ಮೇಲೆ ಬಂದು, ಸೊಸೈಟಿಯ ಅನುಮತಿ ಇಲ್ಲದೆ ಗೋಡೆ ಒಡೆಯುವ ಹಾಗಿಲ್ಲ ಎಂದರು. ನಾನು ಅಂಗೈಯಗಲದ ಹತ್ತರಿ ತೋರಿಸಿದೆ. ಅವರು ನನ್ನ ಹೆಂಡತಿಯ ಮುಖ ನೋಡಿ, ಏನೂ ಹೇಳದೆ ಇಳಿದು ಹೋದರು.

ಇನ್ನು ಮಸೆಯುವ ಕತೆ. ಜಪಾನಿನ ಮಸೆಗಲ್ಲಿಗೆ ಎಣ್ಣೆ ಆಗದು, ನೀರೇ ಬೇಕು. ಸಾವಿರ ಗ್ರಿಟ್ಟಿನ ಕಲ್ಲನ್ನು ಗುಳ್ಳೆ ಏಳುವುದು ನಿಲ್ಲುವ ತನಕ ಬಕೆಟಿನಲ್ಲಿ ಮುಳುಗಿಸಿಡಬೇಕು. ಆರು ಸಾವಿರದ್ದು ಕೊನೆಯ ನಯಕ್ಕೆ. ನಮ್ಮಲ್ಲಿ ಪಾಲಿಕೆಯ ನೀರು ಬರುವುದು ಬೆಳಗ್ಗೆ ಸ್ವಲ್ಪ ಹೊತ್ತು. ಆ ಹೊತ್ತಿನಲ್ಲೇ ಅಮ್ಮನ ಸ್ನಾನ, ಬಟ್ಟೆ, ಪಾತ್ರೆ, ಮತ್ತೆ ನನ್ನ ಉಳಿ. ನಾನು ಬಾಗಿಲು ಹಾಕಿಕೊಂಡು ಒಳಗೆ ಉಜ್ಜುತ್ತಿದ್ದರೆ ಹೊರಗೆ ಅಮ್ಮ ಟವೆಲು ಹಿಡಿದು ನಿಂತು, "ಮಗಾ, ಹೊಟ್ಟೆ ಸರಿ ಇಲ್ವಾ?" ಎನ್ನುತ್ತಿದ್ದರು.

ಮಸೆದಂತೆಲ್ಲ ಕಲ್ಲಿನ ನಡುಭಾಗ ತಗ್ಗಾಗುತ್ತದೆ. ತಗ್ಗು ಕಲ್ಲಿನಲ್ಲಿ ಮಸೆದ ಉಳಿಯ ಬಾಯಿ ಡೊಂಕು. ಆದ್ದರಿಂದ ಕಲ್ಲನ್ನು ಸಮ ಮಾಡಲು ವಜ್ರದ ಪುಡಿ ಹಾಕಿದ ಇನ್ನೊಂದು ತಟ್ಟೆ ಬೇಕು. ಅದನ್ನೂ ತರಿಸಿದೆ. ಒಂದು ದಿನ ನೋಡುತ್ತೇನೆ, ಸಾವಿರದ ಕಲ್ಲು ನಡುವೆ ಅಲ್ಲ, ಒಂದು ಮೂಲೆಯಲ್ಲಿ ತಗ್ಗಾಗಿದೆ. ಮಸೆಯುವಾಗ ನನ್ನ ಬಲಗೈ ಒತ್ತುತ್ತಿದೆಯೇ ಎಂದು ವಾರಗಟ್ಟಲೆ ಕೈಯ ಕೋನ ತಿದ್ದಿದೆ, ಕುಳಿತುಕೊಳ್ಳುವ ಮಣೆ ಬದಲಿಸಿದೆ. ತಗ್ಗು ಬೆಳೆಯುತ್ತಲೇ ಹೋಯಿತು. ಕಡೆಗೆ ಅಮ್ಮನೇ ಮಾತೆತ್ತಿದರು: "ಆ ಕಿತ್ತಳೆ ಬಣ್ಣದ ಕಲ್ಲು ಎಲ್ಲಿಂದ ತಂದೆ? ನನ್ನ ಹಿಮ್ಮಡಿಯ ಒಡಕೆಲ್ಲ ಹೋಯ್ತು ನೋಡು." ನೋಡಿದೆ. ಎಂಬತ್ತೆರಡು ವರ್ಷದ ಹಿಮ್ಮಡಿ ಫಳಫಳ ಹೊಳೆಯುತ್ತಿತ್ತು. ನನ್ನ ಯಾವ ಉಳಿಗೂ ಅಷ್ಟು ಮೆರುಗು ಬಂದಿರಲಿಲ್ಲ.

ಹರಿತ ಬಂತೋ ಇಲ್ಲವೋ ತಿಳಿಯಲು ಮುಂಗೈಯ ಕೂದಲು ಬೋಳಿಸಿ ನೋಡುವುದು ಬಲ್ಲವರ ಪದ್ಧತಿ. ನನ್ನ ಎಡಗೈ ಮೊದಲು ಬೋಳಾಯಿತು, ಅದು ಬೆಳೆಯುವಷ್ಟರಲ್ಲಿ ಬಲಗೈ. ಬಿಲ್ಲವ ಭವನದಲ್ಲಿ ನೆಂಟರ ಮದುವೆಗೆ ಹೋದಾಗ, ಅರ್ಧ ತೋಳಿನ ಅಂಗಿ ಹಾಕಿಕೊಂಡಿದ್ದೆ. ಊಟದ ಸಾಲಿನಲ್ಲಿ ಎದುರಿಗೆ ಕುಳಿತ ಹಿರಿಯರೊಬ್ಬರು ಪಾಯಸ ಸುರಿಯುತ್ತ ನನ್ನ ಕೈಯನ್ನೇ ನೋಡಿ, ಸ್ವರ ತಗ್ಗಿಸಿ, "ಯಾವಾಗಿನಿಂದ ಇದು?" ಎಂದರು. ಉಳಿ ಮಸೆದದ್ದು ಎಂದೆ. ನಂಬಲಿಲ್ಲ. ಕೈ ತೊಳೆಯುವಾಗ ನನ್ನ ಹೆಂಡತಿಯನ್ನು ಬದಿಗೆ ಕರೆದು, ಹೀಗೆ ತೇಪೆ ತೇಪೆಯಾಗಿ ಕೂದಲು ಹೋಗುವುದು ನಾಗದೋಷವೇ, ತಡ ಮಾಡದೆ ಸುಬ್ರಹ್ಮಣ್ಯಕ್ಕೆ ಹೋಗಿ ಒಂದು ಆಶ್ಲೇಷಾ ಬಲಿ ಮಾಡಿಸಿ ಎಂದು ಹೇಳಿ ಕಳಿಸಿದರು. ಅವಳು ಅದನ್ನು ಪೂರ್ತಿ ತಳ್ಳಿಹಾಕಿಲ್ಲ. ದೋಷ ಇರುವುದು ಕೈಯಲ್ಲಿ ಅಲ್ಲ ಅಂತ ಮಾತ್ರ ಅವಳ ಅಭಿಪ್ರಾಯ.

ಇಷ್ಟಾದ ಮೇಲೆ, ಮಳೆ ಸ್ವಲ್ಪ ಬಿಟ್ಟ ಒಂದು ಮಧ್ಯಾಹ್ನ, ಹೆರೆಮಣೆಯ ಮೇಲೆ ಉಳಿ ಇಟ್ಟೆ. ಅದುವರೆಗೆ ನನ್ನ ಉಳಿ ಮರ ಕಂಡಿರಲಿಲ್ಲ. ಹಲಸಿನ ಮರದ ಹಳದಿ ಮೈಯಲ್ಲಿ ಅದು ಸರ್ರನೆ ಇಳಿಯಿತು. ಎರಡನೆಯ ಪೆಟ್ಟಿಗೆ ಕಾಲಿನ ಸಂದಿನಿಂದ ಎದ್ದ ಸಿಪ್ಪೆ ಸುರುಳಿ ಸುತ್ತಿ ನನ್ನ ಮಡಿಲಿಗೆ ಬಿತ್ತು. ಮೂರನೆಯ ಪೆಟ್ಟಿಗೆ ಟಿಣ್ ಎಂದಿತು. ಅತ್ತೆಯ ಕಾಲದ ಯಾವನೋ ಪುಣ್ಯಾತ್ಮ ಕಾಲು ಅಲ್ಲಾಡಬಾರದೆಂದು ಒಳಗೆ ಮೊಳೆ ಹೊಡೆದಿದ್ದ. ಅಷ್ಟು ಗಡಸಿನ ಉಕ್ಕು ಬಾಗುವುದಿಲ್ಲ, ಸಿಡಿಯುತ್ತದೆ. ಉಳಿಯ ಬಾಯಲ್ಲಿ ಅರ್ಧಚಂದ್ರ ಕಾಣಿಸಿತು.

ಆ ಮುಕ್ಕನ್ನು ಸಾವಿರದ ಕಲ್ಲಿನಲ್ಲಿ ಕೈಯಿಂದ ಉಜ್ಜಿ ತೆಗೆಯಲು ಎಷ್ಟು ಬೆಳಗಿನ ನೀರು ಖರ್ಚಾಯಿತೋ ಲೆಕ್ಕವಿಡಲಿಲ್ಲ. ನನ್ನ ಸಪ್ಪೆ ಮೋರೆ ನೋಡಲಾರದೆ ಹೆಂಡತಿ ಒಂದು ಉಪಕಾರ ಮಾಡಿದಳು. ನಾನು ಮಾರ್ಕೆಟಿಗೆ ಹೋಗಿದ್ದಾಗ ಕೆಳಗೆ ಸೈಕಲ್ಲಿನ ಧಾರ್‌ವಾಲಾ ಕೂಗಿದ. ಮೆಟ್ಟುಕತ್ತಿ, ಕತ್ತರಿಯ ಜೊತೆಗೆ ಉಳಿಯನ್ನೂ ಕೊಟ್ಟಳು. ಅವನು ಪೆಡಲು ತುಳಿದು, ಎಮರಿ ಚಕ್ರಕ್ಕೆ ಒತ್ತಿ ಹಿಡಿದು, ಬೀದಿಯ ಮಕ್ಕಳೆಲ್ಲ ಸೇರುವಷ್ಟು ಕಿಡಿ ಹಾರಿಸಿದನಂತೆ. ಮುಕ್ಕು ಹೋಗಿತ್ತು. ಇಂಥ ಉಕ್ಕನ್ನು ಹದಗೊಳಿಸುವುದು ಇನ್ನೂರು ಡಿಗ್ರಿಯ ಆಸುಪಾಸಿನಲ್ಲಿ. ಮುನ್ನೂರರ ಹತ್ತಿರ ಕಾದರೆ ಮೈಮೇಲೆ ಬಣ್ಣ ಏರುತ್ತದೆ, ಗಡಸು ಇಳಿಯುತ್ತದೆ. ನನ್ನ ಉಳಿಯ ಬಾಯಿಯ ಉದ್ದಕ್ಕೂ ನವಿಲಿನ ಕೊರಳಿನ ನೀಲಿ.

"ಬಿಳಿಯದ್ದು ನೀಲಿ ಆಯ್ತು," ಎಂದು ಹೆಂಡತಿಯೇ ಎತ್ತಿ ತೋರಿಸಿದಳು. "ನೀಲಿಗೆ ಬೆಲೆ ಜಾಸ್ತಿ ಅಂದಿದ್ದಿರಲ್ಲ? ಇಪ್ಪತ್ತೇ ರೂಪಾಯಿ ತೆಗೊಂಡ, ಪಾಪ."

ಕೊನೆಗೆ ಆಚಾರ್ರು ಬಂದರು. ಮಿಲಿಟರಿ ಕ್ಯಾಂಪಿನ ಹಿಂದೆ ಇರುತ್ತಾರೆ. ಕಾರ್ಕಳದ ಕಡೆಯವರು, ಮಿಯಾರಿನ ಸಿ. ಇ. ಕಾಮತ್ ಸಂಸ್ಥೆಯಲ್ಲಿ ಮರದ ಕೆತ್ತನೆ ಕಲಿತವರು. ಅವರ ಚೀಲದಲ್ಲಿದ್ದ ಉಳಿ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಊರಿನ ಕಮ್ಮಾರ ಬಡಿದು ಕೊಟ್ಟದ್ದು. ನೆಲದಲ್ಲಿ ಕುಳಿತು, ಹೆರೆಮಣೆಯನ್ನು ಪಾದದಿಂದ ಅದುಮಿ, "ಐದು ನಿಮಿಷದ ಕೆಲಸ ಸಾರ್," ಎಂದರು. ಹೆಂಡತಿ ನನ್ನತ್ತ ನೋಡಿದ ರೀತಿಯನ್ನು ಬರೆಯಲಾರೆ. ನಾನು ಸುಮ್ಮನಿರಬೇಕಿತ್ತು. ಅವಮಾನ ತಡೆಯದೆ, ಸುಟ್ಟು ಹೋಗದೆ ಉಳಿದಿದ್ದ ಎರಡನೆಯ ಉಳಿಯನ್ನು ಒಳಗಿಂದ ತಂದು, "ಇದನ್ನೊಮ್ಮೆ ನೋಡಿ ಆಚಾರ್ರೆ," ಎಂದೆ.

ಅವರು ಉಗುರಿನ ಮೇಲೆ ಬಾಯಿ ತಾಗಿಸಿದರು. ಬೆನ್ನಿನ ತಗ್ಗನ್ನು ಬೆಳಕಿಗೆ ಹಿಡಿದರು. ಆಮೇಲೆ ಹಲಸಿನ ತುಂಡಿನ ಅಡ್ಡನಾರಿನ ಮೇಲೆ, ಸುತ್ತಿಗೆ ಮುಟ್ಟದೆ, ಬರಿಗೈಯಿಂದ ಒಮ್ಮೆ ತಳ್ಳಿದರು. ಮರದ ಮೈ ಎಣ್ಣೆ ಸವರಿದ ಹಾಗೆ ಹೊಳೆಯಿತು. ಆಚಾರ್ರ ಮಾತು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಒಂದೇ ಪ್ರಶ್ನೆ: "ಕಲ್ಲು ಯಾವುದು?"

ಇಷ್ಟು ತಿಂಗಳಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. ಸಾವಿರದ್ದು ತಂದೆ, ಆರು ಸಾವಿರದ್ದು ತಂದೆ, ವಜ್ರದ ತಟ್ಟೆ ತಂದೆ. ಇಬ್ಬರೂ ಬಚ್ಚಲಿಗೆ ಹೋದೆವು. ಚಹಾ ಅಲ್ಲಿಗೇ ಬಂತು. ದೀಪ ಹಚ್ಚುವ ಹೊತ್ತಿಗೆ ಆಚಾರ್ರ ಎಡಗೈಯೂ ಬೋಳಾಗಿತ್ತು. ಹೋಗುವಾಗ, ಮನೆಯಲ್ಲಿ ನಿಧಾನವಾಗಿ ನೋಡುತ್ತೇನೆಂದು ಉಳಿ, ಕಲ್ಲುಗಳ ಜೊತೆಗೆ ಹೆರೆಮಣೆಯನ್ನೂ ಕಂಕುಳಲ್ಲಿ ಇರಿಸಿಕೊಂಡು ಹೋದರು.

ಅಂದಿನಿಂದ ನಮ್ಮಲ್ಲಿ ಅಂಗಡಿಯ ಪ್ಯಾಕೆಟ್ ತುರಿ. ಅಮ್ಮನ ಹಿಮ್ಮಡಿ ಮತ್ತೆ ಒಡೆಯಿತು. ಆಚಾರ್ರ ಫೋನು ಎತ್ತುವವರಿಲ್ಲ. ಮೊನ್ನೆ ಅವರ ಹೆಂಡತಿಯೇ ಫೋನ್ ಮಾಡಿದರು. ಸ್ಪೀಕರ್ ಹಾಕಿ ನನ್ನವಳು ನನ್ನ ಎದುರಿಗಿಟ್ಟಳು.

"ಅಕ್ಕಾ, ನಿಮ್ಮ ಹೆರೆಮಣೆ ಇಲ್ಲೇ ಉಂಟು. ಕಾಲು ಅಲ್ಲಾಡುವುದು ಹಾಗೇ ಉಂಟು. ಇವರು ಬೆಳಗ್ಗೆ ನೀರು ಬಂದ ಕೂಡಲೆ ಬಚ್ಚಲಲ್ಲಿ ಕುಳಿತರೆ ಏಳುವುದೇ ಇಲ್ಲ. ಕೆಲಸಕ್ಕೆ ಕರೆದವರೆಲ್ಲ ಬೈಯುತ್ತಾರೆ. ನಮ್ಮ ಅಡುಗೆ ಮನೆಯ ಬಾಗಿಲು ಮಳೆಗೆ ಉಬ್ಬಿ ಹಾಕಲಿಕ್ಕೇ ಆಗುವುದಿಲ್ಲ, ಹೇಳಿ ಹೇಳಿ ಸಾಕಾಯ್ತು. ನಿಮ್ಮ ಗುರ್ತದಲ್ಲಿ ಯಾರಾದರೂ ಆಚಾರ್ರು ಇದ್ದರೆ ಸ್ವಲ್ಪ ಕಳಿಸ್ತೀರಾ?"