ಸ್ವಕೀಯಶ್ವಾಸೋಪಕರಣಕ್ರಯಮೀಮಾಂಸಾ: ಗಾಜುವಾಕ ಸಂಪ್ರದಾಯಾನುಸಾರಿ

ಲೋಕವು ಸ್ಕೂಬಾ ಡೈವಿಂಗ್ ಎಂದು ಕರೆಯುವ ಜಲಾಂತರ್ವಿಹಾರವಿದ್ಯೆಗೆ ಅಧಿಕಾರಿ ಯಾರು, ವಿಷಯವಾವುದು, ಸಂಬಂಧವೇನು, ಪ್ರಯೋಜನವೆಷ್ಟು ಎಂಬ ಅನುಬಂಧಚತುಷ್ಟಯವನ್ನು ನಿರ್ಣಯಿಸದೆ ಒಂದು ರಬ್ಬರುಪಟ್ಟಿಯನ್ನು ಸಹ ಕೊಳ್ಳಕೂಡದೆಂಬುದು ಈ ಶಾಸ್ತ್ರದ ಆಚಾರ್ಯರ ಮತವಾಗಿರುವುದರಿಂದ ಮೊದಲು ಅದನ್ನೇ ನಿರೂಪಿಸತಕ್ಕದ್ದು. ವಿಶಾಖಪಟ್ಟಣದ ಗಾಜುವಾಕದಲ್ಲಿ ಮನೆಮಾಡಿಕೊಂಡು, ಉಕ್ಕಿನ ಕಾರ್ಖಾನೆಯಲ್ಲಿಯೋ ಹಡಗುಕಟ್ಟೆಯಲ್ಲಿಯೋ ಪಾಳಿ ಮುಗಿಸಿ, ರಜೆಯ ದಿನ ಋಷಿಕೊಂಡದ ಕಡಲಿಗಿಳಿಯಬಯಸುವ ಜಿಜ್ಞಾಸುವೇ ಇಲ್ಲಿ ಅಧಿಕಾರಿ, ನೀರೇ ವಿಷಯ, ನೀರಿಗೂ ಉಸಿರಿಗೂ ಇರುವ ಸಹಜವೈರವೇ ಸಂಬಂಧ, ಪ್ರಯೋಜನವನ್ನು ಅಂಗಡಿಯವನು ರಸೀದಿಯಲ್ಲಿ ಬರೆದುಕೊಡುತ್ತಾನೆ.

ಉಪಕರಣಗಳು ದೃಷ್ಟಿಸಾಧಕ, ಶ್ವಾಸಸಾಧಕ, ಪ್ಲವನಸಾಧಕವೆಂದು ತ್ರಿವಿಧವಾಗಿದ್ದು, ಉತ್ತಮ ಮಧ್ಯಮ ಅಧಮ ಭೇದದಿಂದ ನವವಿಧವಾಗಿ, ಬಣ್ಣವನ್ನು ಗಣಿಸಿದರೆ ಅನಂತವಾಗುತ್ತವೆ. ಇವುಗಳಲ್ಲಿ ಮುಖಾವರಣವೆಂಬ ಮಾಸ್ಕಿಗೆ ಅಗ್ರಪೂಜೆ. ಬೆಲೆಯೇ ಲಕ್ಷಣವೆಂಬುದು ಪೂರ್ವಪಕ್ಷ. ಸಿದ್ಧಾಂತವೇನೆಂದರೆ, ಪಟ್ಟಿಯನ್ನು ತಲೆಗೆ ಹಾಕಿಕೊಳ್ಳದೆ ಮಾಸ್ಕನ್ನು ಮುಖಕ್ಕೊತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು, ಕೈ ಬಿಡಬೇಕು; ನಿಂತರೆ ಕೊಳ್ಳಬೇಕು, ಜಾರಿದರೆ ಹಿಂದಕ್ಕಿಡಬೇಕು. ಇಷ್ಟನ್ನು ಹೇಳುವುದಕ್ಕೆ ನನಗೆ ಗಂಟುಬಿದ್ದ ಪಂಡಿತರೊಬ್ಬರು ಒಂದು ಸಾಯಂಕಾಲವನ್ನೆಲ್ಲ ವ್ಯಯಮಾಡಿದರು. ನಡುನಡುವೆ ತಾವು ಈಜಿದ ಸಮುದ್ರಗಳ ಸಹಸ್ರನಾಮವೂ ನಡೆಯಿತು. ಮೀಸೆಯಾದರೋ ಸಿಲಿಕೋನಿಗೂ ಚರ್ಮಕ್ಕೂ ನಡುವೆ ನೀರಿಗೆ ಹಾದಿ ಬಿಡುವಂಥದು, ಆದರೆ ಗಾಜುವಾಕದ ಬೀದಿಯಲ್ಲಿ ನಿಂತು ಮೀಸೆ ಬೋಳಿಸಿಕೊಳ್ಳಿರೆಂದು ಉಪದೇಶಿಸುವ ಧೈರ್ಯ ಪ್ರಕೃತ ಲೇಖಕನಿಗಿಲ್ಲ.

ಇನ್ನು ಶ್ವಾಸನಿಯಾಮಕ. 1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾನ್ ಎಂಬಿಬ್ಬರು ರೂಪಿಸಿದ ಈ ರೆಗ್ಯುಲೇಟರು, ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದಲ್ಲಿ ಅಡಕವಾಗಿರುವ ಗಾಳಿಯನ್ನು ಪಳಗಿಸಿ, ಸುತ್ತಲಿನ ನೀರು ಎದೆಯನ್ನು ಎಷ್ಟು ಒತ್ತುತ್ತಿದೆಯೋ ಅಷ್ಟೇ ಒತ್ತಡದಲ್ಲಿ ಬಾಯಿಗೆ ನೀಡುತ್ತದೆ. ಪ್ರತಿ 10 ಮೀಟರಿಗೆ ಒಂದು ವಾಯುಭಾರ ಕೂಡುವುದರಿಂದ 20 ಮೀಟರಿನ ಆಳದಲ್ಲಿ ಒಂದು ಉಸಿರಿಗೆ ಮೂರು ಉಸಿರಿನಷ್ಟು ಗಾಳಿ ಖರ್ಚು. ನೋಡಿದರೆ ಕೈಯಷ್ಟಗಲದ ಈ ಯಂತ್ರದ ಬುದ್ಧಿವಂತಿಕೆ ನಿಜವಾಗಿಯೂ ನಮಸ್ಕಾರಾರ್ಹ. ಅದನ್ನು ವಿವರಿಸುವವರ ಬುದ್ಧಿವಂತಿಕೆಗೆ ಆ ಮಾತನ್ನು ಅನ್ವಯಿಸಲಾರೆ. ಸ್ವಂತಕ್ಕೆ ಮೊದಲು ಮಾಸ್ಕು, ಕೈಯಲ್ಲಿ ಹಣ ಮಿಕ್ಕರೆ ಇದು. ಸಿಲಿಂಡರಾದರೋ ನಿಯತಕಾಲಕ್ಕೊಮ್ಮೆ ನೀರಿನ ಒತ್ತಡದಿಂದ ಪರೀಕ್ಷಿಸಿ ಮುದ್ರೆ ಹೊಡೆಸಬೇಕಾದ ವಸ್ತುವಾದುದರಿಂದ ಬಾಡಿಗೆಗೆ ತರುವುದೇ ವಿಹಿತ. ಪ್ಲವನಸಾಧಕಗಳ ವಿಚಾರ ಬಿಟ್ಟೆ. ನವವಿಧವೆಂದೆನಲ್ಲವೆ, ಉಳಿದವನ್ನು ವಾಚಕರು ಊಹಿಸಿಕೊಳ್ಳಲಿ.

ಆದರೆ ಎರಡು ವಸ್ತುಗಳನ್ನು ಬಿಡಲಾಗದು. ಒಂದು ಒತ್ತಡಮಾಪಕ: ಮುಳ್ಳು 50 ಬಾರಿಗಿಳಿದು ಕೆಂಪುಗೆರೆಗೆ ಬರುವಷ್ಟರೊಳಗೆ ಮೇಲೇರಿರಬೇಕು. ಇನ್ನೊಂದು, ಕಚ್ಚಿಕೊಂಡದ್ದು ಕೆಟ್ಟರೆ ಇರಲಿ, ಜೊತೆಗಾರನ ಗಾಳಿ ಮುಗಿದರೆ ಅವನಿಗಾಗಲಿ ಎಂದು ಎದೆಯ ಬಳಿ ತೂಗುಹಾಕುವ ರೆಗ್ಯುಲೇಟರಿನ ಹಳದಿ ಬಣ್ಣದ ಎರಡನೆಯ ಬಾಯಿ. ಮೀನು ನೋಡುವುದಕ್ಕೆ ಹೋಗುವ ನನಗೆ ಎರಡು ಬಾಯಿ, ಒಂದು ಮಾಪಕ!

2020ರ ಮೇ 7ರ ನಸುಕಿನಲ್ಲಿ ಇದೇ ವಿಶಾಖಪಟ್ಟಣದ ಆರ್. ಆರ್. ವೆಂಕಟಾಪುರದಲ್ಲಿ, ಲಾಕ್‌ಡೌನಿನ ಕಾರಣ ನಿಂತಿದ್ದ ಕಾರ್ಖಾನೆಯೊಂದರ ತೊಟ್ಟಿಯೊಳಗೆ ಸ್ಟೈರೀನೆಂಬ ರಾಸಾಯನಿಕ ಕಾದು ಆವಿಯಾಗಿ ಊರ ಮೇಲೆ ಹರಡಿತು. 12 ಮಂದಿ ಸತ್ತರು. ನಿದ್ದೆಗಣ್ಣಿನಲ್ಲಿ ಎದ್ದು ಓಡಿದವರು ಬೀದಿಯಲ್ಲಿ ಕುಸಿದರು, ಕೊಟ್ಟಿಗೆಯ ದನಗಳು ಕಟ್ಟಿದಲ್ಲಿಯೇ ಬಿದ್ದವು. ಸೈರನ್ ಮೊಳಗಲಿಲ್ಲ. ತೊಟ್ಟಿಯ ತಾಪವನ್ನು ತಳದಲ್ಲಿ ಮಾತ್ರ ಅಳೆಯುತ್ತಿದ್ದರು, ಮೇಲೆ ಕಾಯುತ್ತಿದ್ದುದು ಯಾರಿಗೂ ತಿಳಿಯಲಿಲ್ಲ ಎಂಬುದು ಆಮೇಲೆ ವಿಚಾರಣೆಯಲ್ಲಿ ಹೊರಬಿತ್ತು. ಅಳೆಯುವ ಶಾಸ್ತ್ರ ಬಲ್ಲವರಿಗೆ ಈ ನಾಡಿನಲ್ಲಿ ಬರವಿತ್ತೇ? ವಿನೋದಕ್ಕೆ ಮುಳುಗುವವನ ಒಂದೊಂದು ಉಸಿರಿಗೂ ಲೆಕ್ಕವಿಡುವ ಬುದ್ಧಿ, ತಮ್ಮ ಮನೆಯಲ್ಲಿ ತಾವು ಮಲಗಿದ್ದವರ ವಿಷಯಕ್ಕೆ ಬಂದಾಗ ಎಲ್ಲಿ ಹೋಗಿತ್ತು? ಅವರಿಗೆ ಬೇಕಾಗಿದ್ದುದು ರೆಗ್ಯುಲೇಟರಲ್ಲ, ಹೊತ್ತಿಗೆ ಸರಿಯಾಗಿ ಒಂದು ಕೂಗು. ಅದನ್ನು ಯಾವ ಅಂಗಡಿಯಲ್ಲಿ, ಯಾರು, ಯಾರ ಪರವಾಗಿ ಕೊಳ್ಳಬೇಕಾಗಿತ್ತು?

ಈ ಪ್ರಶ್ನೆಯನ್ನು ಪಂಡಿತರ ಮುಂದಿಟ್ಟೆ. ವೆಂಕಟಾಪುರ ಸಮುದ್ರದಲ್ಲಿಲ್ಲವಾದುದರಿಂದ ಅದು ಶಾಸ್ತ್ರದ ವ್ಯಾಪ್ತಿಗೆ ಬಾರದೆಂದು ಅವರು ಅಪ್ಪಣೆ ಕೊಡಿಸಿ, ಬಂಗಾಳಕೊಲ್ಲಿಗೆ ಮೂರು ಮಿಲಿಮೀಟರಿನ ಉಡುಪು ಸಾಕೇ, ಐದು ಬೇಕೇ ಎಂಬ ಚರ್ಚೆಯನ್ನು ಮುಂದುವರಿಸಿದರು.